ಶಾಫ್ಟ್ ಕೊಯ್ಯೋ ಮೊದಲ ಇದು ಓದ್ರಿ: ಸಾದಾ ಬಿಲ್ಲಿಗಿ ಕಾರ್ಬನ್ ಬಾಣ ಆರಿಸೋದು, ಟ್ಯೂನ್ ಮಾಡೋದು

ಬಿಲ್ಲು ತಗೊಳ್ಳಾಗ ಹತ್ತು ಮಂದಿಗಿ ಕೇಳ್ತಾರ, ಎಷ್ಟು ಪೌಂಡ್, ಯಾವ ಕಟ್ಟಿಗಿ, ಲಿಂಬ್ (ಬಿಲ್ಲಿನ ಬಾಗೋ ತೋಳು) ಹ್ಯಾಂಗವ ಅಂತ. ಬಾಣ ತಗೊಳ್ಳಾಗ ಮಾತ್ರ ಕಾರ್ಬನ್ ಅದ ಅಲ್ರಿ, ಅಷ್ಟು ಸಾಕು ಅಂತ ಒಂದು ಡಜನ್ ಆರ್ಡರ್ ಹಾಕಿಬಿಡ್ತಾರ. ಪಾರ್ಸಲ್ ಬಂದ ದಿನಾನೇ ಚಾರ್ಟ್ (ಎಷ್ಟು ಪೌಂಡಿನ ಬಿಲ್ಲಿಗಿ ಯಾವ ಬಾಣ ಅನ್ನೋ ಪಟ್ಟಿ) ನೋಡಿ ಹನ್ನೆರಡೂ ಒಂದೇ ಅಳತಿಗಿ ಕೊಯ್ದು, ಪುಕ್ಕ ಹಚ್ಚಿ, ಹೊಲಕ್ಕ ಹೋಗಿ ಹೊಡ್ದ್ರ ಎಲ್ಲಾ ಎಡಕ್ಕ ಬೀಳ್ತಾವ, ಆಮ್ಯಾಲ ಬಿಲ್ಲೇ ಸರಿ ಇಲ್ಲ ಅಂತ ಬೈಯೋದು. ನಾನು ಹೇಳೋದು ಇಷ್ಟೇ ನೋಡ್ರಿ, ಎಲ್ಲಿಂದ ಶುರು ಮಾಡ್ಬೇಕು ಅಂತ ಚಾರ್ಟ್ ಹೇಳ್ತದ, ಎಲ್ಲಿ ನಿಲ್ಲಬೇಕು ಅನ್ನೋದು ನಿಮ್ ಬಿಲ್ಲು ಮತ್ತ ನಿಮ್ ಬೆರಳಿಗೇ ಗೊತ್ತು. ಕೊಯ್ಯೋದು ಎಲ್ಲಾದ್ರಕ್ಕಿಂತ ಕಡೀಕ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಈ ಟ್ಯೂನಿಂಗ್, ಅಂದ್ರ ಬಾಣ ಬಿಲ್ಲಿಗಿ ಹೊಂದಿಸೋ ವಿದ್ಯಾದಾಗ ಭಾಳಷ್ಟು ಬಂದಿದ್ದು ಬಿಲ್ಲು ಹಿಡ್ದು ಬೇಟಿಗಿ ಹೋಗೋ ಮಂದಿಯಿಂದ, ಅಮೆರಿಕದಾಗ ಲೈಸೆನ್ಸ್ ತಗೊಂಡು ಸೀಸನ್ ಒಳಗ ಜಿಂಕಿ ಹೊಡೀತಾರ, ಅಲ್ಲಿ ಅದು ಕಾನೂನಿನೊಳಗೇ ಅದ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದ, ಬೇಟಿ ಬಂದ್. ಬೀದರ, ಯಾದಗಿರಿ ಹೊಲದಾಗ ಚಿಗರಿ ಹಿಂಡು ಕಂಡ್ರೂ, ಚಿಂಚೋಳಿ ಕಾಡಿನ ಕಡಿ ಏನು ಓಡಾಡಿದ್ರೂ ಬಿಲ್ಲು ಚೀಲದಾಗೇ ಇರ್ಬೇಕು. ನಾವು ಸುರಪುರದ ಬೇಡರ ನಾಡಿನವ್ರು ಅಂತ ಮೀಸಿ ತಿರುವೋದು ಬ್ಯಾರೆ, ಕೇಸ್ ಬಿದ್ರ ಬಿಡಿಸ್ಲಾಕ ಯಾರೂ ಬರಂಗಿಲ್ಲ. ಇಲ್ಲಿ ಹೇಳೋದೆಲ್ಲಾ ಗೋಣಿಚೀಲಕ್ಕ, ಫೋಮಿನ ಪ್ರಾಣಿ ಗೊಂಬಿಗಿ ಹೊಡಿಯೋರಿಗಿ. ಬಿಲ್ಲು ಅದೇ, ಬಾಣ ಅದೇ, ಮಜಾನೂ ಅಷ್ಟೇ. ಹಂಗೇ ಸ್ಪರ್ಧಾಕ್ಕ ಹೋಗೋ ವಿಚಾರ ಇದ್ದೋರು ಒಂದು ಗಮನದಾಗ ಇಡ್ರಿ, ವರ್ಲ್ಡ್ ಆರ್ಚರಿ (ಬಿಲ್ಲುಗಾರಿಕಿ ಜಾಗತಿಕ ಸಂಸ್ಥಾ) ನಿಯಮದಾಗ ಉದ್ದನ ಸಾದಾ ಬಿಲ್ಲಿನ, ಅಂದ್ರ ಲಾಂಗ್‌ಬೋ ವಿಭಾಗಕ್ಕ ಕಟ್ಟಿಗಿ ಬಾಣಾನೇ ಬೇಕು, ಕಾರ್ಬನ್ ನಡೆಯಂಗಿಲ್ಲ, ಹಂಗಾಗಿ ನಿಮ್ ವಿಭಾಗದ ನಿಯಮ ಓದಿ ಆಮ್ಯಾಲ ರೊಕ್ಕ ಹಾಕ್ರಿ.

ಈಗ ಕೆಲಸಕ್ಕ ಬರೋಣು. ಮೊದಲನೇದು ನೀವು ಖರೇನೇ ಎಷ್ಟು ಪೌಂಡ್ ಎಳೀತೀರಿ ಅನ್ನೋದು. ಬಿಲ್ಲಿನ ಲಿಂಬ್ ಮ್ಯಾಲ 45 ಪೌಂಡ್, 28 ಇಂಚ್ ಅಂತ ಬರ್ದಿರ್ತದ, ಅಂದ್ರ 28 ಇಂಚ್ ಎಳ್ದ್ರ 45 ಪೌಂಡ್ ಅಂತ ಅರ್ಥ. ಈ 28 ಇಂಚ್ ಅನ್ನೋದು ಗ್ರಿಪ್‌ನ ಒಳಗಿನ ತಗ್ಗಿನಿಂದ ಸ್ಟ್ರಿಂಗ್ ತನಕ ಅಳೆದು ಅದಕ್ಕ 1.75 ಇಂಚ್ ಕೂಡಿಸಿದ ಲೆಕ್ಕ. ನಮ್ಮಲ್ಲಿ ಸರಾಸರಿ ಆಳಿನ ಎಳೆತ 26, 27 ಇಂಚಿನ ಆಸುಪಾಸು ನಿಲ್ಲೋದು ನಾನು ಭಾಳ ನೋಡೀನಿ, ಅದರಾಗೂ ಸೈಟ್ (ಗುರಿ ನೋಡೋ ಸಾಧನ) ಇಲ್ಲದೆ ಸ್ವಲ್ಪ ಬಗ್ಗಿ ಹೊಡಿಯೋರದ್ದು ಇನ್ನೂ ಕಮ್ಮಿ. ಇಂಚಿಗಿ ಸುಮಾರು 2ರಿಂದ 3 ಪೌಂಡ್ ಕಡಿಮಿ ಆಗ್ತದ, ಹಂಗಾಗಿ 45ರ ಬಿಲ್ಲು ನಿಮ್ ಕೈಯಾಗ 41 ಇರಬಹುದು. ಅಂದಾಜು ಬ್ಯಾಡ ಅಂದ್ರ ಬ್ಯಾಗ್ ತೂಗೋ ಡಿಜಿಟಲ್ ತಕ್ಕಡಿ ಸಿಗ್ತದ ಅಲ್ರಿ, ಅದರ ಕೊಕ್ಕಿ ಸ್ಟ್ರಿಂಗಿಗಿ ಸಿಗಿಸಿ, ಒಬ್ರು ಬಾಣದ ಮ್ಯಾಲ ನಿಮ್ ಎಳೆತದ ಗುರುತು ಮಾಡಿಟ್ಟಿದ್ದಕ್ಕ ಸರಿಯಾಗಿ ಎಳ್ದು ನೋಡ್ರಿ, ಬಂದ ಕಿಲೋಕ್ಕ 2.2ರಿಂದ ಗುಣಿಸಿದ್ರ ಪೌಂಡ್. 18.6 ಕಿಲೋ ಬಂತಂದ್ರ 41 ಪೌಂಡ್. ಈ ಒಂದು ಸಂಖ್ಯಾ ತಪ್ಪಿದ್ರ ಮುಂದಿಂದೆಲ್ಲಾ ತಪ್ಪತದ. ಎಳೆತ ಅಳೆಯಾಗ ಎದಿ ಉಬ್ಬಿಸಿ ಶಾಣ್ಯಾತನ ಮಾಡಬ್ಯಾಡ್ರಿ, ದಣಿದಾಗ ಹ್ಯಾಂಗ ಎಳೀತೀರೋ ಹಂಗ ಎಳೀರಿ.

ಎರಡನೇದು ಸ್ಪೈನ್, ಅಂದ್ರ ಶಾಫ್ಟ್ (ಬಾಣದ ಕೋಲು) ಎಷ್ಟು ಬಾಗ್ತದ ಅನ್ನೋ ಅಳತಿ. 28 ಇಂಚ್ ಅಂತರದ ಎರಡು ಆಧಾರದ ಮ್ಯಾಲ ಶಾಫ್ಟ್ ಇಟ್ಟು ನಡುವ 880 ಗ್ರಾಂ ತೂಕ ತೂಗು ಹಾಕಿದ್ರ ಎಷ್ಟು ಇಂಚ್ ಕೆಳಗ ಬಾಗ್ತದೋ ಅದನ್ನ ಸಾವಿರದ ಲೆಕ್ಕದಾಗ ಬರೀತಾರ. ಅರ್ಧ ಇಂಚ್ ಬಾಗಿದ್ರ 500, 0.4 ಇಂಚ್ ಬಾಗಿದ್ರ 400. ಹಂಗಾಗಿ ಸಂಖ್ಯಾ ದೊಡ್ಡದಾದಷ್ಟು ಬಾಣ ಮೆತ್ತಗ, ಸಣ್ಣದಾದಷ್ಟು ಗಟ್ಟಿ. ಹೊಸಬ್ರು ಇಲ್ಲೇ ಉಲ್ಟಾ ತಿಳ್ಕೋತಾರ, 600 ಅಂದ್ರ ಭಾಳ ಗಟ್ಟಿ ಇರಬೇಕು ಅಂತ. ಕೆಲವು ಕಂಪನಿ ಬ್ಯಾರೆ ನಂಬರ್ ಹಾಕ್ತಾವ, ಗೋಲ್ಡ್ ಟಿಪ್ ಶಾಫ್ಟಿನ ಮ್ಯಾಲ 1535 ಅಂತ ಇದ್ರ 600, 3555 ಇದ್ರ 500, 5575 ಇದ್ರ 400, 7595 ಅಂದ್ರ 340. ಲೇಬಲ್ ಇಲ್ಲದ ಸೋವಿ ಶಾಫ್ಟ್ ಆನ್‌ಲೈನ್‌ದಾಗ ತರಿಸಿದ್ರ ಮನ್ಯಾಗೇ ಅಳೀಬಹುದು. ಒಂದು ಹಲಗಿ ಮ್ಯಾಲ 28 ಇಂಚಿಗಿ ಎರಡು ಮೊಳಿ ಹೊಡೀರಿ, ಒಂದು ನೀರಿನ ಬಾಟಲಿ ಕಿರಾಣಿ ಅಂಗಡಿ ತಕ್ಕಡಿ ಮ್ಯಾಲ ಇಟ್ಟು ದಾರ, ಕೊಕ್ಕಿ ಸಮೇತ 880 ಗ್ರಾಂ ಆಗೋ ತನಕ ನೀರು ಹಾಕ್ರಿ, ಶಾಫ್ಟಿನ ನಡುವ ತೂಗು ಹಾಕಿ ಬಾಗಿದ್ದು ಸ್ಕೇಲಿನಾಗ ನೋಡ್ರಿ, 12.7 ಮಿಲಿಮೀಟರ್ ಬಾಗಿದ್ರ ಅದು 500. ಅಂಗಡಿಯವ ಬಾಟಲಿ ಯಾಕ ತೂಗ್ತೀರಿ ಸಾಹೇಬ್ರ ಅಂತ ನಗ್ತಾನ, ನಗಲಿ. ಹಂಗೇ ಶಾಫ್ಟ್ ತಿರುಗಿಸಿ ಎರಡು-ಮೂರು ಕಡಿ ಅಳೀರಿ, ಸೋವಿ ಶಾಫ್ಟಿನಾಗ ಒಂದು ಮಗ್ಗಲು ಗಟ್ಟಿ, ಒಂದು ಮಗ್ಗಲು ಮೆತ್ತಗ ಇರ್ತದ, ಫರಕ್ ಹೆಚ್ಚಿದ್ರ ಅದನ್ನ ಬ್ಯಾರೆ ಇಡ್ರಿ.

ಯಾಕ ಇಷ್ಟು ತಲಿ ಕೆಡಿಸ್ಕೋಬೇಕು ಅಂದ್ರ, ಬೆರಳಿನಿಂದ ಸ್ಟ್ರಿಂಗ್ ಬಿಟ್ಟಾಗ ಅದು ಸೀದಾ ಮುಂದ ಹೋಗಂಗಿಲ್ಲ, ಬೆರಳು ದಾಟಿ ಸ್ವಲ್ಪ ಆ ಕಡಿ ಸರದು ಹೋಗ್ತದ, ಬಾಣದ ಹಿಂದಿನ ತುದಿ ಅದರ ಸಂಗಡ ಸರೀತದ, ಮುಂದಿನ ತೂಕ ಜಾಗಾ ಬಿಡ್ಲಾಕ ಒಪ್ಪಂಗಿಲ್ಲ, ಅದಕ್ಕೇ ನಡುವ ಬಾಗ್ತದ. ಬಾಗಿ ಬಿಲ್ಲಿನ ಮಗ್ಗಲು ತಪ್ಪಿಸಿ ಸುತ್ತಿ ಹೋಗಿ ಮುಂದ ಸೀದಾ ಆಗ್ತದ. ಗಟ್ಟಿ ಇದ್ರ ಸುತ್ತಂಗಿಲ್ಲ, ಬಲಗೈಯವ್ರಿಗಿ ಎಡಕ್ಕ ಹೋಗ್ತದ. ಮೆತ್ತಗಿದ್ರ ಜೋಳದ ದಂಟಿನಂಗ ಬಳುಕಿ ಬಲಕ್ಕ ಹೋಗ್ತದ. ಇಲ್ಲಿ ಬರ್ದಿದ್ದೆಲ್ಲಾ ಬಲಗೈಯಿಂದ ಎಳಿಯೋರ ಲೆಕ್ಕ, ಎಡಚರು ಎಡ-ಬಲ ತಿರುವಿ ಓದ್ಕೋರಿ.

ಲೇಬಲ್ ಮ್ಯಾಲಿನ ಸ್ಪೈನ್ ಒಂದು, ಬಿಲ್ಲಿನ ಮ್ಯಾಲ ಬಾಣ ನಡ್ಕೊಳ್ಳೋದು ಇನ್ನೊಂದು. ಶಾಫ್ಟ್ ಉದ್ದ ಆದಷ್ಟು ಮೆತ್ತಗ ನಡ್ಕೋತದ, ಮುಂದಿನ ಪಾಯಿಂಟ್ (ಬಾಣದ ಮೊನಿ) ಭಾರ ಆದ್ರೂ ಮೆತ್ತಗ, ಬಿಲ್ಲು ಜೋರಿದ್ರೂ ಮೆತ್ತಗ. ಡ್ಯಾಕ್ರಾನ್ (ಸ್ವಲ್ಪ ಜಗ್ಗೋ ದಾರ) ಬಿಟ್ಟು ಫಾಸ್ಟ್ ಫ್ಲೈಟ್ ತರದ, ಅಷ್ಟು ಜಗ್ಗದ ಬಿರುಸಿನ ಸ್ಟ್ರಿಂಗ್ ಹಾಕಿದ್ರ ಅದೇ ಬಾಣ ಇನ್ನಷ್ಟು ಮೆತ್ತಗ ಕಾಣ್ತದ (ಹಳೇ ಬಿಲ್ಲಿನ ತುದಿ ಗಟ್ಟಿ ಮಾಡಿರದಿದ್ರ ಆ ಸ್ಟ್ರಿಂಗ್ ಹಾಕಲೇಬ್ಯಾಡ್ರಿ, ತುದಿ ಸೀಳ್ತದ). ಆಮ್ಯಾಲ ಬಿಲ್ಲಿನ ಕಿಡಕಿ, ಬಾಣ ಕೂಡೋ ಜಾಗಾ, ನಡುಗೆರಿ ತನಕ ಕೊರದಿದ್ರ ಗಟ್ಟಿ ಬಾಣ ಬೇಕು, ನಡುಗೆರಿ ಮುಟ್ಟದ ಹಳೇ ತರದ ಲಾಂಗ್‌ಬೋ ಇದ್ರ ಬಾಣ ಹೆಚ್ಚು ಸುತ್ತಬೇಕು, ಮೆತ್ತಗಿಂದೇ ಬೇಕು. ಚಾರ್ಟ್‌ಗೆ ಇಷ್ಟೆಲ್ಲಾ ಗೊತ್ತಿರಂಗಿಲ್ಲ, ಅದರಾಗೂ ಕೆಲವು ಚಾರ್ಟ್ ಕಂಪೌಂಡ್ (ತುದಿಗಿ ಗಾಲಿ ಇರೋ) ಬಿಲ್ಲಿಂದು, ಅದು ನೋಡಿ ತಗೊಂಡ್ರ ಒಂದೆರಡು ಮೆಟ್ಟಲು ಗಟ್ಟಿ ಬಾಣ ಬಂದು ಬೀಳ್ತದ. ನಮ್ ಮಂದಿ ಬಾಣ ಎಡಕ್ಕ ಹೋಗ್ಲಾಕ ಇದೇ ದೊಡ್ಡ ಕಾರಣ ಅಂತ ನನ್ ಲೆಕ್ಕ.

ಹಂಗಾದ್ರ ಎಲ್ಲಿಂದ ಶುರು ಮಾಡೋದು? ನಡುಗೆರಿ ತನಕ ಕೊರದ ರಿಕರ್ವ್ (ತುದಿ ಮುಂದಕ್ಕ ಬಾಗಿದ ಬಿಲ್ಲು), ಡ್ಯಾಕ್ರಾನ್ ಸ್ಟ್ರಿಂಗ್, ಶಾಫ್ಟ್ 29ರಿಂದ 30 ಇಂಚ್ ಅಂತ ಹಿಡೀರಿ. ನಿಮ್ ಬೆರಳಿನ ಮ್ಯಾಲ 30-35 ಪೌಂಡ್ ಇದ್ರ 700ರ ಆಸುಪಾಸು, 40ರ ಹತ್ರ ಇದ್ರ 600, 45ರಿಂದ 50 ಇದ್ರ 500, 55 ದಾಟಿದ್ರ 400. ಪಾಯಿಂಟ್ 125ರಿಂದ 150 ಗ್ರೇನ್ (ಬಾಣ ತೂಗೋ ಸಣ್ಣ ಅಳತಿ, ಲೆಕ್ಕ ಮುಂದ ಅದ). ಎರಡರ ನಡುವ ಸಿಕ್ಕೊಂಡ್ರ ನಾನಂತೂ ಮೆತ್ತಗಿಂದೇ ತಗೋತೀನಿ, ಯಾಕಂದ್ರ ಉದ್ದ ಇದ್ದ ಮೆತ್ತನ ಶಾಫ್ಟ್ ಕೊಯ್ದು ಗಟ್ಟಿ ಮಾಡ್ಲಾಕ ಬರ್ತದ, ಗಟ್ಟಿ ಶಾಫ್ಟ್ ಕೊಯ್ದಿದ್ರ ಮತ್ತ ಉದ್ದ ಮಾಡ್ಲಾಕ ಬರಂಗಿಲ್ಲ. ಡಜನ್ ತರಿಸೋಕಿಂತ ಮೊದಲ ಎರಡು ಸ್ಪೈನಿನ ಎರಡೆರಡು ಬಿಡಿ ಶಾಫ್ಟ್ ತರಿಸ್ರಿ, ಪೂರಾ ಉದ್ದಂದು, ಕೊಯ್ಯದೇ ಇದ್ದಿದ್ದು. ಸಂಗಡ 100, 125, 150, 175, 200 ಗ್ರೇನಿನ ತಿರುಪಿನ ಪಾಯಿಂಟ್ ಒಂದೆರಡು. ಕೊರಿಯರ್ ಖರ್ಚು ಎರಡು ಸಲ ಬೀಳ್ತದ ಖರೇ, ಆದ್ರ ಮೂಲ್ಯಾಗ ಬಿದ್ದಿರೋ ಉಪಯೋಗಿಲ್ಲದ ಡಜನ್ನಿಗಿಂತ ಅದು ಸೋವಿ. ಇನ್ನ ಸೀದಾತನ, 0.001, 0.003, 0.006 ಇಂಚ್ ಅಂತ ಮೂರು ದರ್ಜಾ ಬರ್ತಾವ, ಸೈಟ್ ಇಲ್ಲದೆ 20 ಗಜದಾಗ ಹೊಡಿಯೋರಿಗಿ 0.006 ಸಾಕು, 0.001ಕ್ಕ ಕೊಡೋ ರೊಕ್ಕ ಚಲೋ ಪುಕ್ಕಕ್ಕ ಕೊಡ್ರಿ. ಒಳಗಿನ ತೂತು 0.246 ಇಂಚಿನ ಸಾದಾ ಅಳತಿ ತಗೊಂಡ್ರ ಇನ್ಸರ್ಟ್ (ಪಾಯಿಂಟ್ ತಿರುವಿ ಕೂಡಿಸೋ ಒಳತುಂಡು), ನಾಕ್ (ಬಾಣದ ಹಿಂದ ಸ್ಟ್ರಿಂಗ್ ಕೂಡೋ ಕಂಡಿಯ ತುಂಡು) ಎಲ್ಲಾ ಸಸಾರ ಸಿಗ್ತಾವ, ತೆಳ್ಳನ ಶಾಫ್ಟಿನ ಭಾನಗಡಿಗಿ ಹೋಗಬ್ಯಾಡ್ರಿ.

ತೂಕದ ಲೆಕ್ಕಾನೂ ನೋಡ್ಬೇಕು. 1 ಗ್ರಾಂಗಿ 15.43 ಗ್ರೇನ್. ಸಾದಾ ಬಿಲ್ಲಿಗಿ ಪೌಂಡಿಗಿ 8ರಿಂದ 10 ಗ್ರೇನ್ ಇದ್ರ ಬಿಲ್ಲಿಗೂ ಆರಾಮ, ಕೈಗೂ ಆರಾಮ, ಸಪ್ಪಳಾನೂ ಕಮ್ಮಿ. ಹಗುರ ಬಾಣ ಹೊಡ್ದ್ರ ಶಕ್ತಿ ಬಾಣಕ್ಕ ಹೋಗದೆ ಲಿಂಬಿನಾಗೇ ಉಳೀತದ, ಭಾಳ ಹಗುರ ಆದ್ರ ಬಾಣ ಇಲ್ಲದೆ ಖಾಲಿ ಸ್ಟ್ರಿಂಗ್ ಬಿಟ್ಟಂಗೇ, ಲಿಂಬ್ ಒಡೀತದ. ಇಂಚಿಗಿ 8 ಗ್ರೇನ್ ತೂಕದ ಶಾಫ್ಟ್ 29 ಇಂಚ್ ಇದ್ರ 232 ಆಯ್ತು, ಇನ್ಸರ್ಟ್ 18, ಪಾಯಿಂಟ್ 145, ನಾಕ್ 8, ಮೂರು ಪುಕ್ಕ ಅಂಟು ಸೇರಿ 9 ಹಿಡೀರಿ, ಒಟ್ಟು 412 ಗ್ರೇನ್. 40 ಪೌಂಡಿಗಿ ಭಾಗಿಸಿದ್ರ 10.3. 10ಕ್ಕಿಂತ ಚೂರು ಹೆಚ್ಚು, ಆದ್ರೂ ಇದು ಚಲೋ ಬಾಣ. ಮುಂದಿನ ಭಾರಾನೂ ನೋಡ್ರಿ, ಬಾಣ ಬೆರಳಿನ ಮ್ಯಾಲ ತೂಗಿಸಿ, ನಾಕಿನ ಕಂಡಿಯಿಂದ ಆ ಜಾಗಾ ತನಕ ಅಳೆದು, ಅದರಾಗ ಅರ್ಧ ಉದ್ದ ಕಳದು, ಪೂರಾ ಉದ್ದಕ್ಕ ಭಾಗಿಸಿ ನೂರರಿಂದ ಗುಣಿಸ್ರಿ. 29 ಇಂಚಿನ ಬಾಣ 18.2ರ ಹತ್ರ ತೂಗಿದ್ರ 12.8 ಪ್ರತಿಶತ ಆಗ್ತದ. 12ರಿಂದ 18ರ ಒಳಗ ಎಲ್ಲಿದ್ರೂ ನಡೀತದ, ಇದರ ಮ್ಯಾಲ ರಾತ್ರಿಗಟ್ಲೆ ಜಗಳ ಆಡೋ ಮಂದಿ ಅವರ, ಅವ್ರಿಗಿ ಆಡ್ಲಾಕ ಬಿಡ್ರಿ.

ಈಗ ಬಿಲ್ಲು ತಯಾರ್ ಮಾಡ್ಕೋರಿ. ಬ್ರೇಸ್ ಹೈಟ್ ಅಂದ್ರ ಗ್ರಿಪ್‌ನಿಂದ ಸ್ಟ್ರಿಂಗಿನ ದೂರ, ಅದು ಕಂಪನಿ ಹೇಳಿದ ಮಿತಿ ಒಳಗ ಇರ್ಲಿ, ಸ್ಟ್ರಿಂಗ್ ತಿರುವು ಹೆಚ್ಚು-ಕಡಿಮಿ ಮಾಡಿ ಬಿಲ್ಲು ಎಲ್ಲಿ ಸಪ್ಪಳ ಕಡಿಮಿ ಮಾಡ್ತದೋ ಅಲ್ಲಿ ನಿಲ್ಲಿಸಿ, ಬರ್ದಿಡ್ರಿ, ದಿನಾ ಅದನ್ನ ತಪಾಸ ಮಾಡ್ರಿ. ಹೊಸ ಡ್ಯಾಕ್ರಾನ್ ಸ್ಟ್ರಿಂಗ್ ಶುರುವಿನಾಗ ಜಗ್ಗತದ, ನಮ್ ಕಡಿ ಮೇ ತಿಂಗಳ ಬಿಸಲಿನಾಗ ಬಿಲ್ಲು ಕಾರಿನೊಳಗ ಬಿಟ್ರ ಸ್ಟ್ರಿಂಗ್ ಅಷ್ಟೇ ಅಲ್ಲ, ಲಿಂಬೂ ಹಾಳಾಗ್ತದ. ನಾಕಿಂಗ್ ಪಾಯಿಂಟ್ (ಸ್ಟ್ರಿಂಗ್ ಮ್ಯಾಲ ಬಾಣ ಕೂಡೋ ಗುರುತು) ಚೌಕದ ಗೆರಿಗಿಂತ, ಅಂದ್ರ ಶೆಲ್ಫಿನಿಂದ (ಬಿಲ್ಲಿನಾಗ ಬಾಣ ಕೂಡೋ ಮೆಟ್ಟಲು) ಸ್ಟ್ರಿಂಗಿಗಿ ಕಾಟಕೋನಕ್ಕ ಬರೋ ಗೆರಿಗಿಂತ ಅರ್ಧ ಇಂಚ್ ಮ್ಯಾಲ ಇಟ್ಟು ಶುರು ಮಾಡ್ರಿ, ಮೂರೂ ಬೆರಳು ಬಾಣದ ಕೆಳಗ ಹಿಡಿಯೋರಿಗಿ 5/8 ಇಂಚ್ ಇಲ್ಲಾ ಇನ್ನೊಂದು ಚೂರು ಮ್ಯಾಲ. ಶುರುವಿಗಿ ಸ್ವಲ್ಪ ಎತ್ತರಾನೇ ಇರ್ಲಿ, ಯಾಕಂದ್ರ ಭಾಳ ಕೆಳಗಿದ್ರ ಬಾಣದ ಹಿಂಭಾಗ ಶೆಲ್ಫಿಗಿ ಬಡದು ಮ್ಯಾಲ ಪುಟೀತದ, ನೋಡೋರಿಗಿ ಎತ್ತರ ಇದ್ದಂಗೇ ಕಾಣ್ತದ, ನೀವು ಮತ್ತ ಕೆಳಗ ಇಳಸ್ಕೋತ ಹೋಗ್ತೀರಿ, ಅದು ಮುಗಿಯಂಗೇ ಇಲ್ಲ. ಬಾಣದ ಕೆಳಗೂ ಒಂದು ಗಂಟು ಕಟ್ರಿ, ಸರಿಯಂಗಿಲ್ಲ. ನಾಕ್ ಸ್ಟ್ರಿಂಗಿಗಿ ಟಿಕ್ ಅಂತ ಕೂಡ್ಬೇಕು, ಬಾಣ ಕೆಳಗ ತೂಗು ಬಿಟ್ರ ನಿಲ್ಬೇಕು, ಸ್ಟ್ರಿಂಗಿಗಿ ಬೆರಳಿನಿಂದ ತಟ್ಟಿದ್ರ ಬೀಳ್ಬೇಕು. ಬಿಗಿ ನಾಕ್ ಎಷ್ಟು ಟ್ಯೂನ್ ಕೆಡಸ್ತದಂದ್ರ ಭಾಳ ಮಂದಿಗಿ ಗೊತ್ತೇ ಇರಂಗಿಲ್ಲ.

ಇನ್ಸರ್ಟ್ ಟ್ಯೂನಿಂಗ್ ಮುಗಿಯೋ ತನಕ ಹಾಟ್ ಮೆಲ್ಟ್ ಅಂಟಿನಿಂದ ಹಚ್ರಿ, ಕಡಿಮಿ ಕಾವಿಗಿ ಕರಗೋದು. ಕಾವು ಯಾವತ್ತೂ ಪಾಯಿಂಟಿಗಿ ಕೊಡ್ರಿ, ಶಾಫ್ಟಿಗಿ ಬೆಂಕಿ ತೋರಿಸಿದ್ರ ಕಾರ್ಬನ್ ಹಿಡದಿಟ್ಟ ರಾಳ ಸುಡ್ತದ, ಹೊರಗ ಕಾಣಂಗಿಲ್ಲ, ಹೊಡೆಯಾಗ ಒಡೀತದ.

ಇಷ್ಟಾದ ಮ್ಯಾಲ ಬರಿ ಶಾಫ್ಟ್ ಪರೀಕ್ಷಾ. ಎರಡು ಬಾಣಕ್ಕ ಪುಕ್ಕ ಹಚ್ರಿ, ಎರಡು ಪುಕ್ಕ ಇಲ್ಲದ್ದು, ಉಳಿದಿದ್ದೆಲ್ಲಾ ಒಂದೇ ತರ. ಪುಕ್ಕ ಇಲ್ಲದ್ದರ ಹಿಂದ ಅಷ್ಟೇ ತೂಕದ ಎಲೆಕ್ಟ್ರಿಕ್ ಟೇಪ್ ಸುತ್ರಿ, ಯಾಕಂದ್ರ ಹಿಂದಿನ ತೂಕ ಬಾಣಕ್ಕ ಚೂರು ಗಟ್ಟಿ ಮಾಡ್ತದ, ಅದಿಲ್ಲದೆ ಲೆಕ್ಕ ತಪ್ಪತದ. ದೊಡ್ಡ ಗೋಣಿಚೀಲದಾಗ ಹಳೇ ಬಟ್ಟಿ, ಪ್ಲಾಸ್ಟಿಕ್ ಹಾಳಿ ಬಿಗಿಯಾಗಿ ತುಂಬಿ ಮಣ್ಣಿನ ಒಡ್ಡಿನ ಮುಂದ ಇಡ್ರಿ. ಕಲ್ಲಿನ ಗ್ವಾಡಿ ಮುಂದ ಬ್ಯಾಡ್ರೀಪಾ, ಶಹಾಬಾದಿ ಫರ್ಸಿಗಿ ಬಡದ ಕಾರ್ಬನ್ ಬಾಣ ಅವತ್ತೇ ಮುಗೀತು. ಮುಂಜಾನಿ ಗಾಳಿ ಏಳೋ ಮೊದಲ ಹೋಗ್ರಿ, ಆಷಾಢದ ಗಾಳ್ಯಾಗ ಬರಿ ಶಾಫ್ಟ್ ಹೊಡ್ದು ನೋಡೋದು ಸುಳ್ಳು ಕೆಲಸ. ಮೊದಲ 10 ಗಜ, ಆಮ್ಯಾಲ 15, ಕೈ ಕೂತ್ರ 20.

ಮೊದಲ ಮ್ಯಾಲ-ಕೆಳಗಿಂದು ಸರಿ ಮಾಡ್ರಿ, ಎಡ-ಬಲ ಆಮ್ಯಾಲ. ಬರಿ ಶಾಫ್ಟ್ ಪುಕ್ಕದ ಬಾಣಕ್ಕಿಂತ ಕೆಳಗ ಬಿದ್ರ ನಾಕಿಂಗ್ ಪಾಯಿಂಟ್ ಎತ್ತರ ಆಗ್ಯದ, ಚೂರು ಇಳಿಸ್ರಿ. ಮ್ಯಾಲ ಬಿದ್ರ ಏರಿಸ್ರಿ. ಎರಡೂ ಒಂದೇ ಮಟ್ಟಕ್ಕ ಬಂದ್ರ ಎಡ-ಬಲ ನೋಡ್ರಿ, ಬರಿ ಶಾಫ್ಟ್ ಎಡಕ್ಕ ಬಿದ್ರ ಗಟ್ಟಿ, ಬಲಕ್ಕ ಬಿದ್ರ ಮೆತ್ತಗ. ಎಲ್ಲಿ ಬಿತ್ತು ಅನ್ನೋದೇ ನೋಡ್ರಿ, ಯಾವ ಕಡಿ ವಾಲಿ ನಿಂತದ ಅಂತ ನೋಡಬ್ಯಾಡ್ರಿ, ಗೋಣಿಚೀಲದ ಒಳಗಿನ ಬಟ್ಟಿ ಬಾಣಕ್ಕ ತನಗ ತಿಳದಂಗ ತಿರುಗಸ್ತದ. ಒಂದು ಬಾಣದ ಮಾತು ಕೇಳಬ್ಯಾಡ್ರಿ, ಮೂರ್ನಾಲ್ಕು ಸಲ ಹೊಡ್ದು ಒಂದೇ ಕಡಿ ಬಿದ್ರ ಮಾತ್ರ ನಂಬ್ರಿ. ಬೆರಳು ಕಿತ್ತು ಬಿಟ್ರ ಎಂಥಾ ಚಲೋ ಬಾಣಾನೂ ಸುಳ್ಳು ಹೇಳ್ತದ.

ಗಟ್ಟಿ ಅಂತ ಬಂದ್ರ 25 ಗ್ರೇನ್ ಭಾರದ ಪಾಯಿಂಟ್ ಹಾಕ್ರಿ, ಮತ್ತ ಹೊಡೀರಿ, ಸಾಲಲಿಲ್ಲಂದ್ರ ಮತ್ತ 25, ಇಲ್ಲಾ ಹಿತ್ತಾಳಿ ಇನ್ಸರ್ಟ್ ಹಾಕ್ರಿ. ಅದೂ ಆಗಲಿಲ್ಲಂದ್ರ ಮಗ್ಗಲಿನ ಪಟ್ಟಿ, ಬಾಣ ತಾಗೋ ಆ ತೊಗಲು ಇಲ್ಲಾ ವೆಲ್ಕ್ರೋ, ಅದನ್ನ ತೆಳ್ಳಗ ಮಾಡ್ರಿ, ಬಾಣ ನಡುಗೆರಿ ಕಡಿ ಸರೀತದ, ಮೆತ್ತಗ ನಡ್ಕೋತದ. ಮೆತ್ತಗ ಅಂತ ಬಂದ್ರ ಇದರ ಉಲ್ಟಾ, ಮೊದಲ ಹಗುರ ಪಾಯಿಂಟ್, ಆಮ್ಯಾಲ ಪಟ್ಟಿ ದಪ್ಪ, ಆಮ್ಯಾಲ ಕೊಯ್ಯೋದು. ಒಂದು ಸಲಕ್ಕ ಒಂದೇ ಬದಲಾವಣಿ. ಎರಡು ಒಮ್ಮೆ ಮಾಡಿದ್ರ ಯಾವುದು ಕೆಲಸ ಮಾಡ್ತು ಅಂತ ದೇವರಿಗೂ ಗೊತ್ತಾಗಂಗಿಲ್ಲ.

ಒಂದು ಮೋಸ ಅದ ಇಲ್ಲಿ. ಭಾಳ ಮೆತ್ತಗಿದ್ದ ಬಾಣ ಹೋಗ್ತಾ ಹೋಗ್ತಾ ಹಿಂಭಾಗ ಬಿಲ್ಲಿಗಿ ಬಡಕೊಂಡು ಎಡಕ್ಕ ಜಿಗೀತದ, ನೋಡಿದ್ರ ಗಟ್ಟಿ ಇದ್ದಂಗ. ಅನುಮಾನ ಬಂದ್ರ ಮುಖಕ್ಕ ಹಚ್ಚೋ ಪೌಡರ್ ಶೆಲ್ಫಿಗಿ, ಮಗ್ಗಲಿನ ಪಟ್ಟಿಗಿ ಉದುರಿಸಿ ಹೊಡೀರಿ, ಗೀರು ಎಲ್ಲಿ ಬಿತ್ತು ಅಂತ ಕಾಣ್ತದ. ಟಕ್ ಅನ್ನೋ ಸಪ್ಪಳಾನೂ ಕೇಳಸ್ತದ. ಶೆಲ್ಫ್ ಚಪ್ಪಟ ಇದ್ರ ಬಾಣ ಉದ್ದಕ್ಕ ಉಜ್ಕೋತ ಹೋಗ್ತದ, ಅದಕ್ಕ ತೊಗಲಿನ ಕೆಳಗ ಗ್ರಿಪ್‌ನ ತಗ್ಗಿನ ನೇರಕ್ಕ ಒಂದು ಬೆಂಕಿಕಡ್ಡಿ ತುಂಡು ಇಟ್ರ ಒಂದೇ ಕಡಿ ತಾಗತದ, ಗ್ರೂಪ್ (ಬಾಣ ಬೀಳೋ ಗುಂಪು) ಕೂಡಲೇ ಹತ್ರ ಬರ್ತದ.

ಸುರಪುರ ಕಡಿ ಒಬ್ಬ ದೋಸ್ತ್ ಅವ್ನ, ಅವನ ಬಿಲ್ಲಿನ ಮ್ಯಾಲ 45 ಪೌಂಡ್, ಅವನ ಎಳೆತ 26 ಮುಕ್ಕಾಲಿಗಿ ಒಂದು ಚೂರು ಕಡಿಮಿ, ಅಂದ್ರ ಖರೇ 41ರ ಆಸುಪಾಸು. ಕಂಪೌಂಡ್ ಚಾರ್ಟ್ ನೋಡಿ 400ರ ಶಾಫ್ಟ್ ತಂದು 28 ಇಂಚಿಗಿ ಕೊಯ್ದು 100 ಗ್ರೇನ್ ಹಾಕಿದ್ದ. 15 ಗಜದಾಗ ಒಂದು ಮೊಳ ಎಡಕ್ಕ. ಅವ ಏನು ಮಾಡ್ದ, ಚೀಲದ ಬಲಗಡಿ ತೊಗರಿ ಕಟಗಿ ಒಂದಿತ್ತು, ಅದಕ್ಕ ಗುರಿ ಇಟ್ಟು ಚೀಲಕ್ಕ ಹೊಡಿಯೋದು ರೂಢಿ ಮಾಡ್ಕೊಂಡ. "ಅಣ್ಣಾ, ಬೀಳ್ತದ ಅಲ್ಲ, ಸಾಕು ಬಿಡು" ಅಂದ. 20 ಗಜಕ್ಕ ಸರದ್ರ ಕಟಗೀನೂ ಸರೀಬೇಕಲ್ಲ! ಪಾಯಿಂಟ್ 200ಕ್ಕ ಏರಿಸಿದ್ವಿ, ಅರ್ಧ ಬಲಕ್ಕ ಬಂತು. ದಪ್ಪ ತೊಗಲು ತಗದು ತೆಳ್ಳನ ವೆಲ್ಕ್ರೋ ಹಚ್ಚಿದ್ವಿ, ಇನ್ನೊಂದು ಚೂರು ಬಂತು, ಅಲ್ಲಿಗಿ ನಿಂತು ಹೋಯ್ತು. ಆ ಶಾಫ್ಟಿಂದ ಅದರಕಿಂತ ಹೆಚ್ಚು ಆಗೋದಿತ್ತಿಲ್ಲ. 600ರ ಪೂರಾ ಉದ್ದದ ಶಾಫ್ಟ್ ತರಿಸಿ 125 ಗ್ರೇನ್ ಹಾಕಿದ್ರ ಬರಿ ಶಾಫ್ಟ್ ಬಲಕ್ಕ ಬಿತ್ತು, ಚೂರು ಚೂರು ಕೊಯ್ಕೋತ 29 ಅರ್ಧಕ್ಕ ಬಂದಾಗ ಪುಕ್ಕದ ಬಾಣದ ಮಗ್ಗಲಾಗೇ ಕೂತ್ಕೊಂತು. ಆ 400ರ ಬಾಣ ಈಗ ಅವರ ಮನ್ಯಾಗ ಟೊಮ್ಯಾಟೊ ಗಿಡಕ್ಕ ಊರುಗೋಲು.

ಕೊಯ್ಯೋ ಕೆಲಸ ಹ್ಯಾಂಗ? ಹ್ಯಾಕ್ಸಾ ಬ್ಯಾಡ, ಪೈಪ್ ಕಟರ್ ಬ್ಯಾಡ, ಎರಡೂ ಕಾರ್ಬನ್ ಎಳಿ ಸೀಳ್ತಾವ. ಜೋರಾಗಿ ತಿರುಗೋ ಗ್ರೈಂಡರ್, 1 ಮಿಲಿಮೀಟರಿನ ತೆಳ್ಳನ ಕಟಿಂಗ್ ಚಕ್ರ. ಫ್ಯಾಬ್ರಿಕೇಶನ್ ಅಂಗಡ್ಯಾಗ ಇರ್ತದ, ಮಿಸ್ತ್ರಿಗಿ ಹೇಳ್ರಿ, "ಕಾಕಾ, ಒತ್ತಬ್ಯಾಡ್ರಿ, ನಾ ಕೋಲು ತಿರುಗಿಸ್ತೀನಿ, ನೀವು ಚಕ್ರ ಅಷ್ಟೇ ತಾಗಿಸ್ರಿ" ಅಂತ. ಫರ್ಸಿ ಕೊಯ್ಯೋ ದಪ್ಪ ಬ್ಲೇಡ್ ಹಾಕ್ಲಾಕ ಬಂದ್ರ ಬ್ಯಾಡ ಅನ್ರಿ. ಗುರುತಿನ ಮ್ಯಾಲ ಟೇಪ್ ಸುತ್ತಿ, ಟೇಪಿನ ಮ್ಯಾಲೇ ಕೊಯ್ರಿ. ಇಬ್ರೂ ಮಾಸ್ಕ್ ಹಾಕ್ಕೋರಿ, ಕನ್ನಡಕ ಹಾಕ್ಕೋರಿ, ಆ ಕರೀ ಧೂಳಿ ಪುಪ್ಪುಸಕ್ಕ ಚಲೋ ಅಲ್ಲ, ಮೈಗೂ ತುರಸ್ತದ, ತಣ್ಣೀರಿನಿಂದ ತೊಳ್ಕೋರಿ, ಒರಸಿ ಉಜ್ಜಬ್ಯಾಡ್ರಿ. ಒಂದು ಸಲಕ್ಕ ಕಾಲು ಇಂಚಿಗಿಂತ ಹೆಚ್ಚು ಕೊಯ್ಯಬ್ಯಾಡ್ರಿ, ಸರಿ ಆಗೋ ಹತ್ರ ಬಂದ್ರ ಅದರ ಅರ್ಧ. ಟ್ಯೂನ್ ಮಾಡೋ ಬರಿ ಶಾಫ್ಟಿನಾಗ ನಾಕ್ ಕೈಯಿಂದ ತಗೀಲಾಕ ಬರ್ತದ, ಹಂಗಾಗಿ ನಾಕಿನ ಕಡಿಯಿಂದ ಕೊಯ್ದ್ರ ಇನ್ಸರ್ಟ್ ಬಿಚ್ಚೋ ತ್ರಾಸ ಇಲ್ಲ. ಪುಕ್ಕದ ಬಾಣ ಹಂಗ ಬರಂಗಿಲ್ಲ, ಅದರ ಇನ್ಸರ್ಟ್ ಬಿಸಿ ಮಾಡಿ ತಗದು ಮುಂದಿನ ಕಡಿಯಿಂದ ಅಷ್ಟೇ ಕೊಯ್ರಿ.

ಕೊಯ್ದ ತುದಿ ಚೌಕ ಇರ್ಬೇಕು. ನುಣ್ಣನ ಫರ್ಸಿ ಮ್ಯಾಲ ಸ್ಯಾಂಡ್‌ಪೇಪರ್ ಇಟ್ಟು, ತುದಿಗಿ ಮಾರ್ಕರ್ ಮಸಿ ಹಚ್ಚಿ, ಶಾಫ್ಟ್ ಸೀದಾ ನಿಲ್ಲಿಸಿ ಮೆಲ್ಲಕ ತಿರುಗಿಸ್ರಿ. ಮಸಿ ಒಂದು ಕಡಿ ಹೋಗಿ ಒಂದು ಕಡಿ ಉಳದ್ರ ಡೊಂಕದ, ಸುತ್ತೂ ಸಮ ಹೋಗೋ ತನಕ ತಿರುಗಿಸ್ರಿ. ಆಮ್ಯಾಲ ಇನ್ಸರ್ಟ್ ಹಾಕಿ ಪಾಯಿಂಟ್ ನೆಲಕ್ಕ ಊರಿ ಬುಗುರಿ ತಿರುಗಿಸ್ದಂಗ ತಿರುವ್ರಿ, ನಡುಗಿದ್ರ ಇನ್ಸರ್ಟ್ ಸೊಟ್ಟ ಕೂತದ.

ಅಳತಿ ಪಕ್ಕಾ ಆದ್ಮ್ಯಾಲ ಮಾತ್ರ ಉಳಿದ ಡಜನ್ ತರಿಸಿ, ಅದೇ ಅಳತಿಗಿ ಕೊಯ್ದು, ಇನ್ಸರ್ಟ್ ಎಪಾಕ್ಸಿಯಿಂದ ಹಚ್ಚಿ ಒಂದು ದಿನ ಬಿಡ್ರಿ. ಬಿಸಲಿನ ನಮ್ ಊರಿಗಿ ಎಪಾಕ್ಸಿನೇ ಚಲೋ, ಹಾಟ್ ಮೆಲ್ಟ್ ಇದ್ರ ಬಿಗಿ ಟಾರ್ಗೆಟ್ಟಿನ ಉಜ್ಜಾಟದ ಕಾವಿಗೇ ಕರಗಿ ಬಾಣ ಎಳೆಯಾಗ ಪಾಯಿಂಟ್ ಒಳಗೇ ಉಳೀತದ.

ಪುಕ್ಕ ಖರೇ ಪಕ್ಷಿ ಪುಕ್ಕಾನೇ ಇರ್ಬೇಕು, ಟರ್ಕಿ ಕೋಳಿಂದು, ಪ್ಲಾಸ್ಟಿಕ್ ಬ್ಯಾಡ. ಶೆಲ್ಫ್ ದಾಟಾಗ ಪುಕ್ಕ ಮಡಚ್ಕೋತದ, ಪ್ಲಾಸ್ಟಿಕ್ ಬಡದು ಬಾಣ ತಿರುಗಸ್ತದ. 4 ಇಂಚಿನ ಮೂರು ಸಾಕು, ಭಾರ ಪಾಯಿಂಟ್ ಇದ್ರ 5. ಎಡ ರೆಕ್ಕಿ, ಬಲ ರೆಕ್ಕಿ ಪುಕ್ಕ ಒಂದೇ ಬಾಣಕ್ಕ ಕಲಸಬ್ಯಾಡ್ರಿ, ಜಿಗ್ಗಿನ (ಪುಕ್ಕ ಹಚ್ಚೋ ಅಚ್ಚು) ತಿರುವೂ ರೆಕ್ಕಿಗಿ ತಕ್ಕಂಗೇ ಇರ್ಬೇಕು. ಶಾಫ್ಟ್ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರಸಿ ಫೆವಿಕ್ವಿಕ್ ಹಚ್ರಿ, ಪುಕ್ಕದ ಮುಂದಿನ ತುದಿಗಿ ಒಂದು ಹನಿ ಹೆಚ್ಚು, ಇಲ್ಲಂದ್ರ ಆ ಚೂಪು ಕೈಯಾಗ ಸಿಗೀತದ, ಬಿಲ್ಲು ಹಿಡಿಯೋ ಹೆಬ್ಬೆರಳ ಮ್ಯಾಲ ಗೀರ್ತದ. ಮಳ್ಯಾಗ ನೆನೆದು ಚಪ್ಪಟ ಆದ ಪುಕ್ಕ ಚಹಾದ ಉಗಿ ಮ್ಯಾಲ ಹಿಡದ್ರ ಮತ್ತ ನಿಲ್ತದ.

ಹೊರ ದೇಶದ ಬೇಟಿ ಮಂದಿ ಇದರ ಮ್ಯಾಲ ಇನ್ನೊಂದು ಹೆಜ್ಜಿ ಹೋಗ್ತಾರ, ಅಗಲ ಅಲಗಿನ ಪಾಯಿಂಟ್ ಹಾಕಿ ಸಾದಾ ಪಾಯಿಂಟಿನ ಸಂಗಡ ಒಂದೇ ಕಡಿ ಬೀಳ್ತದೋ ಇಲ್ಲೋ ನೋಡ್ತಾರ, ಯಾಕಂದ್ರ ಆ ಅಲಗು ಗಾಳ್ಯಾಗ ರೆಕ್ಕಿ ತರ ಕೆಲಸ ಮಾಡಿ ಟ್ಯೂನಿಂಗಿನ ಸಣ್ಣ ತಪ್ಪೂ ಎತ್ತಿ ತೋರಸ್ತದ. ನಮಗ ಅದು ಬೇಕಿಲ್ಲ. ಬರಿ ಶಾಫ್ಟ್ 20 ಗಜದಾಗ ಪುಕ್ಕದ ಬಾಣದಿಂದ ಒಂದು ಗೇಣಿನ ಒಳಗ ಬಿದ್ರ ನಿಲ್ಲಿಸಿಬಿಡ್ರಿ, ಅದರ ಮುಂದ ಟ್ಯೂನಿಂಗ್ ಅಲ್ಲ, ಕೈ ಸರಿ ಮಾಡ್ಕೊಳ್ಳೋ ಕೆಲಸ.

ಹೊಡೆಯೋ ಮೊದಲ ಪ್ರತಿ ಬಾಣ ಎರಡೂ ತುದಿ ಹಿಡದು, ಮುಖದಿಂದ ದೂರ, ನಾಲ್ಕೂ ಕಡಿ ಬಗ್ಗಿಸಿ ಕಿವಿಗೊಡ್ರಿ. ಚಟ್ ಅಂದ್ರ ಮುರದು ಬಿಸಾಕ್ರಿ, ಬಿರುಕು ಬಿಟ್ಟ ಕಾರ್ಬನ್ ಸ್ಟ್ರಿಂಗ್ ಮ್ಯಾಲ ಒಡದ್ರ ಸೀಳು ಸೀದಾ ಬಿಲ್ಲು ಹಿಡದ ಕೈಯೊಳಗ ಹೋಗ್ತದ, ಅದನ್ನ ತಗೀಲಾಕ ಆಪರೇಷನ್ನೇ ಬೇಕು. ಹತ್ತಿ ಉಂಡಿ ಶಾಫ್ಟ್ ಮ್ಯಾಲ ಎಳದ್ರೂ ಎಳಿ ಎದ್ದಲ್ಲಿ ಸಿಕ್ಕೋತದ. ತೊಗರಿ ರಾಶಿ ಆದ ಹೊಲದಾಗ ಹೊಡಿಯೋರು ಇನ್ನೂ ಹುಷಾರ್, ಆ ಕಟಗಿ ಬುಡ್ಡಿಗಿ ಮಗ್ಗಲಿನಿಂದ ಬಡದ ಬಾಣ ಹೊರಗ ಏನೂ ಕಾಣಂಗಿಲ್ಲ, ಒಳಗ ಒಡದಿರ್ತದ. ಕುರಿ ಕಾಯೋರು ಒಡ್ಡಿನ ಹಿಂದಿಂದ ಯಾವಾಗ ಬರ್ತಾರೋ ಗೊತ್ತಿರಂಗಿಲ್ಲ, ಅದಕ್ಕ ಒಬ್ರು ಒಡ್ಡಿನ ಮ್ಯಾಲ ನಿಂತು ನೋಡೋರು ಇರ್ಲಿ, ಆಕಾಶಕ್ಕ ಬಾಣ ಬಿಡೋ ಹುಡುಗಾಟ ಯಾರಿಗೂ ಮಾಡ್ಲಾಕ ಬಿಡಬ್ಯಾಡ್ರಿ.

ಬಾಣಕ್ಕ ಒಂದರಿಂದ ಹನ್ನೆರಡು ನಂಬರ್ ಹಾಕ್ರಿ. ಯಾವಾಗಲೂ ಒಂದೇ ನಂಬರ್ ಗ್ರೂಪ್ ಬಿಟ್ಟು ಹೋಗ್ಲತ್ತಿದ್ರ ನಾಕ್ ತಿರುಗಿಸಿ ನೋಡ್ರಿ, ಇನ್ನೂ ಹೋದ್ರ ಅದನ್ನ ಮಂದಿಗಿ ಕಲಿಸ್ಲಾಕ ಬ್ಯಾರೆ ಇಡ್ರಿ. ಪಟ್ಟ್ಯಾಗ ಬರ್ದಿಡ್ರಿ: ಸ್ಪೈನ್, ಉದ್ದ, ಪಾಯಿಂಟ್ ಮತ್ತ ಇನ್ಸರ್ಟ್ ತೂಕ, ಬ್ರೇಸ್ ಹೈಟ್, ನಾಕಿಂಗ್ ಪಾಯಿಂಟ್ ಎತ್ತರ, ಮಗ್ಗಲಿನ ಪಟ್ಟಿ ಯಾವುದು. ಸ್ಟ್ರಿಂಗ್ ಬದಲಿಸಿದಾಗ ಇವೆಲ್ಲಾ ಮತ್ತ ಒಂದು ಸಲ ತಪಾಸ ಮಾಡ್ಬೇಕಾಗ್ತದ, ಅದಕ್ಕ ಪುಕ್ಕ ಇಲ್ಲದ ಆ ಎರಡು ಶಾಫ್ಟ್ ಯಾರಿಗೂ ಕೊಡಬ್ಯಾಡ್ರಿ.